ಅಪ್ಪನ ಹಳೆ ವಾಚನ್ನು ಎಷ್ಟರ ಮಟ್ಟಿಗೆ ಹೊಸದು ಮಾಡಿಸಬೇಕು?

“ಅಪ್ಪ ಕಟ್ಟುತ್ತಿದ್ದ ಎಚ್‌ಎಂಟಿ ಜನತಾ ಇದೆ ಸಾರ್. ಡಯಲ್ ಹಳದಿ ತಿರುಗಿದೆ, ಗ್ಲಾಸು ಮಬ್ಬಾಗಿದೆ. ಕೀ ಕೊಟ್ಟರೆ ಅರ್ಧ ಗಂಟೆ ನಡೆದು ನಿಲ್ಲುತ್ತೆ. ಪೂರ್ತಿ ಹೊಸದರ ಹಾಗೆ ಮಾಡಿಸಲಾ, ಇಲ್ಲಾ ಹಾಗೇ ಇಟ್ಟುಕೊಳ್ಳಲಾ?”

ದಾವಣಗೆರೆಯಲ್ಲಿ ನನ್ನ ಮೇಜಿನ ಮುಂದೆ ವಾರಕ್ಕೆ ಇಬ್ಬರಾದರೂ ಕೂತು ಇದನ್ನೇ ಕೇಳುತ್ತಾರೆ. ಹರಿಹರ, ಚಿತ್ರದುರ್ಗದಿಂದ ಬಂದವರದ್ದೂ ಇದೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದೇ ಬಿಡುತ್ತೇನೆ.

ಮಷೀನಿಗೆ ಏನು ಬೇಕೋ ಅದನ್ನೆಲ್ಲ ಮಾಡಿಸಿ. ಗ್ಲಾಸು ಪಾಲಿಷ್ ಮಾಡಿಸಿ, ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಬೆಲ್ಟು ನಿಮ್ಮಿಷ್ಟ. ಡಯಲ್ ಮಾತ್ರ ಮುಟ್ಟಿಸಬೇಡಿ.

ಮಷೀನಿನ ವಿಷಯದಲ್ಲಿ ಯಾಕೆ ಜಿಪುಣತನ ಬೇಡ ಅಂದರೆ, ಅದು ಸೆಕೆಂಡಿಗೆ 5 ಸಲ ಬಡಿಯುತ್ತದೆ. ಗಂಟೆಗೆ 18,000. ದಿನಕ್ಕೆ 4,32,000. ಇಷ್ಟು ಬಡಿತವನ್ನು ತಡೆದುಕೊಳ್ಳುವುದು ಸೂಜಿಮೊನೆಯಷ್ಟು ಎಣ್ಣೆ. ವರ್ಷಗಟ್ಟಲೆ ಬೀರುವಿನಲ್ಲಿ ಬಿದ್ದಿದ್ದರೆ ಆ ಎಣ್ಣೆ ಒಣಗಿ ಅಂಟಾಗಿರುತ್ತದೆ. ಪೂರ್ತಿ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿದರೆ ಮುಕ್ಕಾಲು ಪಾಲು ವಾಚುಗಳು ಎದ್ದು ಕೂರುತ್ತವೆ. ಬಿಚ್ಚದೆ ಸುಮ್ನೆ ಪೆಟ್ರೋಲಿನಲ್ಲಿ ಅದ್ದಿ ತೆಗೆದು ಕೊಡುವವರಿದ್ದಾರೆ. ಅಂಥ ಕಡೆ ಕೊಡಬೇಡಿ.

ಈಗ ಡಯಲ್ ವಿಷಯ. “ಹೊಸ ಬಣ್ಣ ಹಾಕಿಸಿದರೆ ಬೆಲೆ ಜಾಸ್ತಿಯಾಗುತ್ತೆ ಅಲ್ವಾ ಸಾರ್?” ಇಲ್ಲ. ಆಗುವುದಿಲ್ಲ. ಈ ನಂಬಿಕೆ ಎಲ್ಲಿಂದ ಹುಟ್ಟಿತೋ, ಕಿತ್ತಷ್ಟೂ ಚಿಗುರುತ್ತದೆ. ಮನೆಗೆ ಸುಣ್ಣ ಬಳಿದರೆ, ಸ್ಕೂಟರಿಗೆ ಪೇಂಟ್ ಹೊಡೆಸಿದರೆ ನಾಲ್ಕು ಕಾಸು ಜಾಸ್ತಿ ಸಿಗುತ್ತದೆ, ನಿಜ. ವಾಚಿನ ಲೆಕ್ಕ ಬೇರೆ. ತಿಳಿದವರು ಹಳೆ ವಾಚು ಕೊಳ್ಳುವಾಗ ಮೊದಲು ನೋಡುವುದೇ ಡಯಲ್ ಕಾರ್ಖಾನೆಯದ್ದೋ ಅಲ್ಲವೋ ಅಂತ. ಕಾರ್ಖಾನೆಯ ಅಕ್ಷರ ಸಣ್ಣಗೆ, ಚೂಪಾಗಿ ಇರುತ್ತದೆ. ಮತ್ತೆ ಬರೆಸಿದ್ದು ಭೂತಗನ್ನಡಿಯಲ್ಲಿ ದಪ್ಪಗೆ, ಅಂಚು ಹರಡಿಕೊಂಡಂತೆ ಕಾಣುತ್ತದೆ. ‘17 ಜ್ಯುವೆಲ್ಸ್’ ಅನ್ನುವ ಸಾಲು ಒಂದು ಕಡೆ ವಾಲಿರುತ್ತದೆ. ಗುರುತು ಹಿಡಿಯಲು ನನಗೆ ಒಂದು ನಿಮಿಷವೂ ಬೇಡ.

ಆ ಡಯಲ್ ಇನ್ನೊಂದು ಸಿಗುತ್ತದೆಯೇ? ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿತು. ಆಮೇಲೆ ನಮ್ಮ ಹೆದ್ದಾರಿಯಲ್ಲೇ ಸಿಗುವ ತುಮಕೂರಿನಲ್ಲೂ ಕಾರ್ಖಾನೆ ಬಂತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅಳಿಸಿದ ಡಯಲನ್ನು ಮತ್ತೆ ಅದೇ ಅಚ್ಚಿನಲ್ಲಿ ಮಾಡಿಕೊಡುವ ಜಾಗ ಈಗ ಇಲ್ಲ.

ಬೆಣ್ಣೆ ದೋಸೆ ಹೋಟೆಲಿನ ಕಾವಲಿ ನೋಡಿದ್ದೀರಿ. ದಿನಾ ಒರೆಸುತ್ತಾರೆ. ಆದರೆ ಪಳಗಿದ ಆ ಕಪ್ಪನ್ನು ಉಜ್ಜಿ ಬೆಳ್ಳಗೆ ಮಾಡಿ ಅಂದರೆ ಭಟ್ಟರು ಕೇಳುತ್ತಾರೆಯೇ?

ಕೆಲಸ ಕಲಿಯುವಾಗ ನಾನೇ ಒಂದು ತಪ್ಪು ಮಾಡಿದ್ದೇನೆ. ಹತ್ತಿ ಮಿಲ್ಲಿನಲ್ಲಿ ದುಡಿದವರೊಬ್ಬರ ಜನತಾ. ಡಯಲ್ ಮೇಲೆ ಕೊಳೆ ಇದೆ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ದೇವನಾಗರಿಯಲ್ಲಿದ್ದ ‘ಜನತಾ’ ಅನ್ನುವ ಅಕ್ಷರ ಬಟ್ಟೆಗೆ ಬಂತು. ಅವರ ಮಗ ಬೈಯಲಿಲ್ಲ. ವಾಚನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ನೋಡುತ್ತಾ ಕೂತ. ಅವತ್ತಿನಿಂದ ನಾನು ಡಯಲ್ ಮೇಲೆ ಗಾಳಿ ಬಿಟ್ಟು ಬೇರೇನೂ ಬಿಟ್ಟಿಲ್ಲ.

ಅಜ್ಜನ ಕಾಲದ ಸ್ವಿಸ್ ವಾಚಾದರೆ ಆ ಗಾಳಿಯನ್ನೂ ಬಿಡುವುದಿಲ್ಲ. ಆಗ ಕತ್ತಲೆಯಲ್ಲಿ ಹೊಳೆಯಲೆಂದು ಅಂಕಿಗೆ, ಮುಳ್ಳಿಗೆ ರೇಡಿಯಂ ಹಚ್ಚುತ್ತಿದ್ದರು. ಈಗ ಹೊಳೆಯುವುದಿಲ್ಲ ಅಂದರೆ ರೇಡಿಯಂ ಸತ್ತಿದೆ ಅಂತಲ್ಲ. ಅದರ ಜೊತೆ ಬೆರೆಸಿದ ಹೊಳೆಯುವ ಪುಡಿ ಸವೆದಿದೆ, ಅಷ್ಟೆ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಕೆರೆದರೆ ಆ ಪುಡಿ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಮನೆಯಲ್ಲಿ ಹಿಂಬದಿ ಮುಚ್ಚಳ ತೆಗೆದು ನೋಡುವ ಆಸೆಯೂ ಬೇಡ.

ಕೇಸಿನ ಮಾತು ಬೇಗ ಮುಗಿಸುತ್ತೇನೆ. ಹಿತ್ತಾಳೆ ಮೇಲೆ ಕ್ರೋಮ್ ಲೇಪನ ಇರುವ ಕೇಸನ್ನು ಪಾಲಿಷ್ ಚಕ್ರಕ್ಕೆ ಹಿಡಿದರೆ ಲೇಪನ ಹೋಗಿ ಹಳದಿ ಹಿತ್ತಾಳೆ ಇಣುಕುತ್ತದೆ. ಬ್ರಷ್ಷಿನಲ್ಲಿ ಬೆವರಿನ ಕೊಳೆ ತೆಗೆಸಿ, ಸಾಕು. ಗೀರು ಇರಲಿ. ಮಿಲ್ಲಿನಲ್ಲಿ, ಗದ್ದೆಯಲ್ಲಿ ನಿಮ್ಮ ಅಪ್ಪನ ಕೈ ಎಲ್ಲೆಲ್ಲಿ ತಗುಲಿತ್ತೋ ಅದೆಲ್ಲ ಅಲ್ಲಿದೆ.

ಒಂದು ಮಾತು ಯಾರೂ ನೇರವಾಗಿ ಕೇಳುವುದಿಲ್ಲ, ಆದರೆ ವಾಚು ಕೊಡುವಾಗ ತಪ್ಪಿತಸ್ಥರ ಹಾಗೆ ಮೆಲ್ಲಗೆ ಹೇಳುತ್ತಾರೆ: “ಮಕ್ಕಳು ಕೀ ಜಾಸ್ತಿ ಕೊಟ್ಟುಬಿಟ್ಟರು ಸಾರ್, ಅದಕ್ಕೇ ನಿಂತಿದೆ.” ಪಾಪ, ಮಕ್ಕಳದ್ದೇನೂ ತಪ್ಪಿಲ್ಲ. ಕೀ ಪೂರ್ತಿ ಇದ್ದೂ ವಾಚು ನಿಂತಿದೆ ಅಂದರೆ, ಸ್ಪ್ರಿಂಗ್ ತಳ್ಳುತ್ತಿದೆ, ಒಣಗಿದ ಎಣ್ಣೆಗೆ ಸಿಕ್ಕ ಚಕ್ರ ತಿರುಗುತ್ತಿಲ್ಲ. ಸರ್ವಿಸ್ ಆದ ಮೇಲೆ ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಕೀ ಕೊಡಿ. ಬಿಗಿಯಾಯಿತು ಅನ್ನಿಸಿದ ಕಡೆ ನಿಲ್ಲಿಸಿ, ಅಲ್ಲಿಂದ ಮುಂದೆ ಬಲ ಹಾಕಬೇಡಿ. ಮರುದಿನ ಬೆಳಗ್ಗೆ ಎದ್ದಾಗಲೂ ಅದು ನಡೆಯುತ್ತಿರುತ್ತದೆ. ಸರ್ವಿಸ್ ಆಗದ ವಾಚಿಗೆ ಮಾತ್ರ, ನೆನಪಾದಾಗಲೆಲ್ಲ ಬೀರು ತೆಗೆದು ಕೀ ಕೊಟ್ಟು ಟಿಕ್ ಟಿಕ್ ಕೇಳಬೇಡಿ. ಎಣ್ಣೆ ಇಲ್ಲದೆ ಓಡಿಸಿದರೆ ಸವೆಯುವುದು ಚಕ್ರದ ತುದಿ. ಅದನ್ನು ನನ್ನ ಹತ್ತಿರ ತನ್ನಿ, ಆಮೇಲೆ ಕೇಳುವಿರಂತೆ.