ಪ್ರವೇಶದಿಂದ ಪಾಠದವರೆಗೆ: ಅಂಗವಿಕಲ ವಿದ್ಯಾರ್ಥಿಗಳು ಮತ್ತು ಕಾಲೇಜು ಬೋಧನೆ

ದೃಷ್ಟಿ ಮತ್ತು ಶ್ರವಣ ಎರಡನ್ನೂ ಕಳೆದುಕೊಂಡಿದ್ದ ಹೆಲೆನ್ ಕೆಲ್ಲರ್ 1900ರಲ್ಲಿ ಅಮೆರಿಕದ ರ‍್ಯಾಡ್‌ಕ್ಲಿಫ್ ಕಾಲೇಜು ಸೇರಿ 1904ರಲ್ಲಿ ಪದವಿ ಪಡೆದುದನ್ನು ಸಾಮಾನ್ಯವಾಗಿ ಛಲದ ಕಥೆಯಾಗಿಯೇ ಹೇಳಲಾಗುತ್ತದೆ. ಆ ತರಗತಿಗಳಲ್ಲಿ ನಡೆದದ್ದನ್ನು ಗಮನಿಸಿದರೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಪ್ರಾಧ್ಯಾಪಕರು ಹೇಳಿದ್ದನ್ನು ಪಕ್ಕದಲ್ಲಿ ಕುಳಿತ ಅವರ ಶಿಕ್ಷಕಿ ಆನ್ ಸಲಿವನ್ ಅಕ್ಷರ ಅಕ್ಷರವಾಗಿ ಕೆಲ್ಲರ್ ಅವರ ಅಂಗೈಗೆ ದಾಟಿಸುತ್ತಿದ್ದರು. ಉಬ್ಬಕ್ಷರದಲ್ಲಿ ಸಿಗದ ಪಠ್ಯಗಳನ್ನೂ ಹಾಗೆಯೇ ಓದಿಸಬೇಕಿತ್ತು. ಬೋಧನೆಯ ಕ್ರಮ ಇದ್ದಲ್ಲೇ ಇತ್ತು, ಅದನ್ನು ತಲುಪುವ ಹೊರೆಯ ಬಹುಪಾಲು ವಿದ್ಯಾರ್ಥಿನಿಯ ಮತ್ತು ಆಕೆಯ ಸಹಾಯಕಿಯ ಮೇಲೆ ಬಿದ್ದಿತ್ತು.

ಈ ಹೊರೆ ಯಾರದು ಎಂಬ ಪ್ರಶ್ನೆಯೇ ಮುಂದಿನ ನೂರು ವರ್ಷಗಳ ಇತಿಹಾಸದ ತಿರುಳು. ಕಿವುಡ ವಿದ್ಯಾರ್ಥಿಗಳಿಗಾಗಿ 1864ರಲ್ಲೇ ವಾಷಿಂಗ್ಟನ್ನಿನಲ್ಲಿ, ಮುಂದೆ ಗ್ಯಾಲೊಡೆಟ್ ವಿಶ್ವವಿದ್ಯಾಲಯವೆಂದು ಹೆಸರಾದ ಕಾಲೇಜು ಆರಂಭವಾಗಿತ್ತು. ಆದರೆ ಅದು ಪ್ರತ್ಯೇಕ ಸಂಸ್ಥೆ. ಎಲ್ಲರೂ ಓದುವ ಕಾಲೇಜುಗಳಲ್ಲಿ ಒಳಗೆ ಕಾಲಿಡುವುದೇ ಮೊದಲ ಹೋರಾಟವಾಗಿತ್ತು. ಪೋಲಿಯೊದಿಂದ ಕುತ್ತಿಗೆಯ ಕೆಳಗೆ ಬಹುತೇಕ ಚಲನೆ ಕಳೆದುಕೊಂಡಿದ್ದ ಎಡ್ ರಾಬರ್ಟ್ಸ್ 1962ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದಾಗ, ಅವರ ಉಸಿರಾಟದ ಯಂತ್ರಕ್ಕೆ ತಕ್ಕ ಕೋಣೆ ವಿದ್ಯಾರ್ಥಿನಿಲಯದಲ್ಲಿ ಸಿಗಲಿಲ್ಲ; ಅವರು ಕ್ಯಾಂಪಸ್ಸಿನ ಆಸ್ಪತ್ರೆಯಲ್ಲೇ ವಾಸವಿದ್ದು ಓದಿದರು.

ಕಾನೂನು ಬಂದದ್ದು 1973ರಲ್ಲಿ. ಅಮೆರಿಕದ ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್, ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಬಾರದೆಂದಿತು. ಅದನ್ನು ಜಾರಿಗೊಳಿಸುವ ನಿಯಮಗಳಿಗೆ ಸಹಿ ಬೀಳಲು ಮಾತ್ರ 1977ರವರೆಗೆ ಕಾಯಬೇಕಾಯಿತು. ಅದಕ್ಕಾಗಿ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದಲ್ಲಿ ಅಂಗವಿಕಲರು ಮೂರು ವಾರಕ್ಕೂ ಹೆಚ್ಚು ಕಾಲ ಧರಣಿ ಕೂತರು. ಆ ನಿಯಮಗಳ ವಿವರ ಇಂದಿಗೂ ಓದತಕ್ಕದ್ದು: ತರಗತಿಯಲ್ಲಿ ಟೇಪ್ ರೆಕಾರ್ಡರ್ ನಿಷೇಧಿಸಿ ಅಂಗವಿಕಲ ವಿದ್ಯಾರ್ಥಿಯ ಕಲಿಕೆಗೆ ಅಡ್ಡಿಪಡಿಸುವಂತಿಲ್ಲ, ಧ್ವನಿಮುದ್ರಿತ ಪಠ್ಯ ಮತ್ತು ಸಂಜ್ಞೆ ಭಾಷೆಯ ದುಭಾಷಿಗಳಂಥ ನೆರವು ಒದಗಿಸಬೇಕು. ಪಾಠ ಹೇಗೆ ನಡೆಯುತ್ತದೆ ಎಂಬುದೂ ಹಕ್ಕಿನ ವ್ಯಾಪ್ತಿಗೆ ಬಂದದ್ದು ಹೀಗೆ.

ಆದರೂ ಈ ವ್ಯವಸ್ಥೆಯಲ್ಲಿ ಒಂದು ಕೊರತೆ ಉಳಿಯಿತು, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಇಂದಿನ ಮುಖ್ಯ ತೊಡಕು. ವಿದ್ಯಾರ್ಥಿ ತನ್ನ ವೈಕಲ್ಯವನ್ನು ಪ್ರಮಾಣಪತ್ರದೊಂದಿಗೆ ಸಾಬೀತುಪಡಿಸಿ, ಅರ್ಜಿ ಕೊಟ್ಟು, ಪ್ರತಿ ಹೊಸ ಕೋರ್ಸಿಗೂ ಮತ್ತೆ ಕೇಳಬೇಕು. ಬ್ರೈಲ್ ಪ್ರತಿ ಸಿದ್ಧವಾಗುವಷ್ಟರಲ್ಲಿ ಅರ್ಧ ಸೆಮಿಸ್ಟರ್ ಕಳೆದಿರಬಹುದು. ಮೊದಲೇ ಎಲ್ಲರಿಗೂ ಹೊಂದುವಂತೆ ಪಾಠವನ್ನು ರೂಪಿಸಬಾರದೇಕೆ ಎಂಬ ಪ್ರಶ್ನೆ ಬಂದದ್ದು ವಾಸ್ತುಶಿಲ್ಪದಿಂದ. ಸ್ವತಃ ವೀಲ್‌ಚೇರ್ ಬಳಸುತ್ತಿದ್ದ ವಾಸ್ತುಶಿಲ್ಪಿ ರಾನ್ ಮೇಸ್ 1980ರ ದಶಕದಲ್ಲಿ ಸಾರ್ವತ್ರಿಕ ವಿನ್ಯಾಸದ ಪರಿಕಲ್ಪನೆಯನ್ನು ಮುಂದಿಟ್ಟರು; 1984ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಕಾಸ್ಟ್ (CAST) ಎಂಬ ಶೈಕ್ಷಣಿಕ ಸಂಸ್ಥೆ ಅದನ್ನು ಕಲಿಕೆಗೆ ಅನ್ವಯಿಸಿತು. ಅಂಗವಿಕಲರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆ ಉನ್ನತ ಶಿಕ್ಷಣದಲ್ಲೂ ಸಮಾನ ಅವಕಾಶವನ್ನು ಹಕ್ಕೆಂದು ಘೋಷಿಸಿತು. 2013ರ ಮರ‍್ರಾಕೇಶ್ ಒಪ್ಪಂದವು ಮುದ್ರಿತ ಪುಸ್ತಕ ಓದಲಾಗದವರಿಗಾಗಿ ಪ್ರತಿ ತಯಾರಿಸಲು ಹಕ್ಕುಸ್ವಾಮ್ಯದ ಅಡ್ಡಿಯನ್ನು ಸಡಿಲಿಸಿತು.

ಅಂತರಜಾಲ ಬಂದ ಮೇಲೆ ಹಳೆಯ ಅಡ್ಡಿ ಹೊಸ ರೂಪ ತಾಳಿತು. ಪುಟದ ಚಿತ್ರವಷ್ಟೇ ಆಗಿರುವ ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್‌ಗೆ ಓದಲು ಏನೂ ಸಿಗದು. 2017ರಲ್ಲಿ ಅದೇ ಬರ್ಕ್ಲಿ, ಸುಗಮ್ಯತೆಯ ದೂರಿನ ಬಳಿಕ, 20,000ಕ್ಕೂ ಹೆಚ್ಚು ಉಪನ್ಯಾಸಗಳ ದೃಶ್ಯ ಮತ್ತು ಧ್ವನಿಮುದ್ರಣಗಳನ್ನು ಸಾರ್ವಜನಿಕ ಬಳಕೆಯಿಂದ ಹಿಂತೆಗೆದುಕೊಂಡಿತು. ಅವೆಲ್ಲಕ್ಕೂ ಕ್ಯಾಪ್ಷನ್ (ಮಾತನ್ನು ಪರದೆಯ ಮೇಲೆ ತೋರಿಸುವ ಬರಹ) ಸೇರಿಸುವ ಖರ್ಚು ಭರಿಸುವುದು ಕಷ್ಟವೆಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ಕೇಳಿಸಿಕೊಳ್ಳಲಾಗದವರಿಗೆ ಅದರಿಂದ ಏನೂ ದಕ್ಕಲಿಲ್ಲ, ಉಳಿದವರೂ ಕಳೆದುಕೊಂಡರು. ಉಪನ್ಯಾಸವನ್ನು ಚಿತ್ರೀಕರಿಸುವಾಗಲೇ ಕ್ಯಾಪ್ಷನ್ ಹಾಕುವುದು, ಹಲಗೆಯ ಮೇಲೆ ಬರೆದುದನ್ನು ಬಾಯಲ್ಲೂ ಹೇಳುವುದು, ಕಡತಗಳಿಗೆ ಸರಿಯಾದ ಶೀರ್ಷಿಕೆಗಳನ್ನೂ ನಕ್ಷೆಗಳಿಗೆ ವಿವರಣೆಯನ್ನೂ ಕೊಡುವುದು ಅಧ್ಯಾಪಕರ ದೈನಂದಿನ ಕೆಲಸಕ್ಕೇ ಸೇರಿದ್ದು. ಅದಕ್ಕೆ ಬೇಕಾದ ತರಬೇತಿ ಮತ್ತು ಸಮಯವನ್ನು ಅವರಿಗೆ ಕಾಲೇಜುಗಳೇ ಕೊಡಬೇಕಾಗುತ್ತದೆ.