ಮಲ ಹೋಗದ ಬೆಕ್ಕು, ಮೂಸಿ ಬಿಟ್ಟ ತಟ್ಟೆ

ಬೆಕ್ಕು ಮರಳಿನ ತಟ್ಟೆಯಲ್ಲಿ ಕೂತು ತಿಣುಕುತ್ತಿದ್ದರೆ, ಮಲಬದ್ಧತೆ ಎಂದು ತೀರ್ಮಾನಿಸುವ ಮೊದಲು ಅದು ಮೂತ್ರ ಮಾಡಿದೆಯೇ ಎಂದು ನೋಡಬೇಕು. ಎರಡಕ್ಕೂ ತಿಣುಕುವಾಗ ಬೆಕ್ಕು ಕೂರುವ ಭಂಗಿ ಹೆಚ್ಚುಕಡಿಮೆ ಒಂದೇ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರಾ ಕಿರಿದು. ಅಲ್ಲಿ ಹರಳೋ ಲೋಳೆಯ ಬಿರಡೆಯೋ ಸಿಕ್ಕಿಕೊಂಡರೆ ಮೂತ್ರ ಪೂರ್ತಿ ಕಟ್ಟುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಒಂದೆರಡು ದಿನಗಳಲ್ಲಿ ಹೃದಯವೇ ನಿಲ್ಲಬಹುದು. ತಟ್ಟೆಯಲ್ಲಿ ಒದ್ದೆಯ ಗುರುತಿಲ್ಲ, ಬೆಕ್ಕು ಮತ್ತೆ ಮತ್ತೆ ಹೋಗಿ ಕೂರುತ್ತಿದೆ, ಕೂಗುತ್ತಿದೆ, ಹಿಂಭಾಗ ನೆಕ್ಕಿಕೊಳ್ಳುತ್ತಿದೆ ಎಂದಾದರೆ ಮಧ್ಯರಾತ್ರಿಯಾದರೂ ಪಶುವೈದ್ಯರಲ್ಲಿಗೆ ಹೊರಡಿ. ಮನೆಮದ್ದಿಗೆ ಅಲ್ಲಿ ಜಾಗವಿಲ್ಲ.

ಮೂತ್ರ ಸರಿಯಾಗಿದೆ, ಮಲ ಮಾತ್ರ ಬಂದಿಲ್ಲ ಎಂದರೆ ಲೆಕ್ಕ ಬೇರೆ. ಆರೋಗ್ಯವಾಗಿರುವ ಬೆಕ್ಕು ಸಾಮಾನ್ಯವಾಗಿ ದಿನಕ್ಕೊಮ್ಮೆ, ಇಲ್ಲವೇ ಒಂದೂವರೆ ದಿನಕ್ಕೊಮ್ಮೆ ಮಲ ವಿಸರ್ಜಿಸುತ್ತದೆ. 48 ಗಂಟೆ ದಾಟಿದರೆ ಗಮನ ಕೊಡಬೇಕು, 72 ಗಂಟೆ ದಾಟಿದರೆ ವೈದ್ಯರಿಗೆ ತೋರಿಸಬೇಕು. ದೊಡ್ಡ ಕರುಳಿನ ಮುಖ್ಯ ಕೆಲಸ ನೀರು ಹೀರುವುದು. ಮಲ ಒಳಗೆ ಉಳಿದಷ್ಟೂ ಒಣಗಿ ಕಲ್ಲಾಗುತ್ತದೆ. ಕಲ್ಲಾದದ್ದು ಹೊರಬರುವಾಗ ನೋಯುತ್ತದೆ, ನೋವಿಗೆ ಹೆದರಿ ಬೆಕ್ಕು ಇನ್ನಷ್ಟು ತಡೆಹಿಡಿಯುತ್ತದೆ. ಕೆಲವೊಮ್ಮೆ ಗಟ್ಟಿ ಮಲದ ಪಕ್ಕದಿಂದ ತೆಳು ದ್ರವ ಸೋರುವುದುಂಟು. ಅದನ್ನು ಭೇದಿ ಎಂದು ತಿಳಿದು ಭೇದಿ ನಿಲ್ಲಿಸುವ ಔಷಧಿ ಕೊಟ್ಟರೆ ತೊಂದರೆ ಇಮ್ಮಡಿಯಾಗುತ್ತದೆ.

ಹಸಿವು ಕಟ್ಟಿರುವುದೂ ಇದೇ ಸುತ್ತಿನ ಭಾಗ. ಹೊಟ್ಟೆಗೆ ಊಟ ಬಿದ್ದಾಗ ದೊಡ್ಡ ಕರುಳು ತಾನಾಗಿ ಹಿಂಡಿಕೊಂಡು ಒಳಗಿರುವುದನ್ನು ಮುಂದೆ ದೂಡುತ್ತದೆ. ಉಣ್ಣದ ಬೆಕ್ಕಿಗೆ ಆ ದೂಡುವಿಕೆ ಇಲ್ಲ. ತುಂಬಿದ ಕರುಳು ವಾಕರಿಕೆ ತರುತ್ತದೆ. ವಾಕರಿಕೆ ಇರುವ ಬೆಕ್ಕು ಉಣ್ಣುವುದೂ ಇಲ್ಲ, ಕುಡಿಯುವುದೂ ಇಲ್ಲ. ಈ ಸುತ್ತನ್ನು ಭೇದಿ ಮಾಡಿಸುವ ಮದ್ದಿನಿಂದ ಮುರಿಯಲು ಹೊರಡುವುದೇ ಸಾಮಾನ್ಯ ತಪ್ಪು. ಮೊದಲು ಬೇಕಾದದ್ದು ನೀರು.

4 ಕೆ.ಜಿ. ತೂಗುವ ಬೆಕ್ಕಿಗೆ, ಆಹಾರದೊಳಗಿನದ್ದೂ ಸೇರಿ, ದಿನಕ್ಕೆ ಸುಮಾರು 200 ಮಿ.ಲೀ. ನೀರು ಬೇಕು. ಒಣ ಕಾಳಿನಂಥ ಆಹಾರದಲ್ಲಿ ನೀರು ನೂರಕ್ಕೆ ಹತ್ತರಷ್ಟು. 50 ಗ್ರಾಂ ತಿಂದರೆ ಒಳಹೋಗುವುದು ಬರೀ 5 ಮಿ.ಲೀ. ಡಬ್ಬಿಯ ಹಸಿ ಆಹಾರದಲ್ಲಿ ನೂರಕ್ಕೆ 75ರಿಂದ 80 ಭಾಗ ನೀರೇ. ಸಾಕುಬೆಕ್ಕಿನ ಪೂರ್ವಜರು ಒಣನೆಲದ ಕಾಡುಬೆಕ್ಕುಗಳು, ಬೇಟೆಯ ಮಾಂಸದಿಂದಲೇ ನೀರು ಪಡೆದವು. ಬಟ್ಟಲ ಮುಂದೆ ಹೋಗಿ ಬಾಯಾರಿಕೆ ತೀರಿಸಿಕೊಳ್ಳುವುದರಲ್ಲಿ ಬೆಕ್ಕು ಈಗಲೂ ನಿಧಾನ. ಆದ್ದರಿಂದ ಊಟಕ್ಕೇ ಎರಡು ಮೂರು ಚಮಚ ಉಗುರುಬೆಚ್ಚಗಿನ ನೀರು ಕಲಸಿ. ಉಪ್ಪು, ಮಸಾಲೆ ಏನೂ ಹಾಕದೆ ಕೋಳಿ ಬೇಯಿಸಿದ ನೀರೂ ಆಗುತ್ತದೆ. ಅಡುಗೆಮನೆಯಲ್ಲಿ ಉಳಿದ ಸಾರು ಮಾತ್ರ ಬೇಡ: ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ವಿಷ ಕಳೆಯುವುದಿಲ್ಲ. ಹಾಲು ಕುಡಿಸಿ ಹೊಟ್ಟೆ ಸಡಿಲಿಸುವ ಹಳೆಯ ರೂಢಿಯೂ ಬಿಡಬೇಕಾದದ್ದೇ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದು. ಭೇದಿಯಾದರೆ ದೇಹದ ನೀರು ಇನ್ನಷ್ಟು ಕಳೆಯುತ್ತದೆ.

ಒಸಡು ಬೆರಳಿಗೆ ಅಂಟಂಟಾಗಿ ಒಣಗಿದಂತಿದ್ದರೆ ನೀರು ತೀರಾ ಕಡಿಮೆಯಾಗಿದೆ ಎಂದರ್ಥ. ಕತ್ತಿನ ಚರ್ಮ ಎತ್ತಿ ಬಿಟ್ಟು ನೋಡುವ ಪರೀಕ್ಷೆ ಮುದಿ ಬೆಕ್ಕಿನಲ್ಲಿ ಮೋಸಮಾಡಬಹುದು, ವಯಸ್ಸಿಗೇ ಚರ್ಮದ ಬಿಗಿ ಹೋಗಿರುತ್ತದೆ. ಈ ಹಂತದಲ್ಲಿ ಬಾಯಿಯ ನೀರು ಸಾಲದು, ವೈದ್ಯರು ಚರ್ಮದಡಿಗೋ ರಕ್ತನಾಳಕ್ಕೋ ದ್ರವ ಕೊಡುತ್ತಾರೆ.

ನೀರು ಸರಿಹೋದ ಮೇಲೆ ಔಷಧಿ. ವೈದ್ಯರು ಹೆಚ್ಚಾಗಿ ಬರೆಯುವುದು ಲ್ಯಾಕ್ಟುಲೋಸ್ ಸಿರಪ್. ಕೆ.ಜಿ.ಗೆ 0.5 ಮಿ.ಲೀ.ನಂತೆ, 4 ಕೆ.ಜಿ. ಬೆಕ್ಕಿಗೆ 2 ಮಿ.ಲೀ., ದಿನಕ್ಕೆ ಎರಡು ಬಾರಿ ಆರಂಭಿಸಿ ಮಲ ಮೆತ್ತಗಾಗುವವರೆಗೆ ಹೊಂದಿಸುತ್ತಾರೆ. ಅದು ಕರುಳಿನೊಳಗೆ ನೀರನ್ನು ಹಿಡಿದಿಡುತ್ತದೆ, ಕೆಲಸ ಕಾಣಲು ಒಂದೆರಡು ದಿನ ಬೇಕು. ಸಿರಪ್ ತುಂಬ ಸಿಹಿ, ಆದರೆ ಸಿಹಿ ಗುರುತಿಸುವ ಜೀನ್ ಬೆಕ್ಕಿನಲ್ಲಿ ಕೆಟ್ಟಿರುವುದರಿಂದ ಅದಕ್ಕೆ ತಿಳಿಯುವುದು ಅಂಟು ಮಾತ್ರ. ಮೂಸಿ ಓಡುವ ಬೆಕ್ಕಿಗೆ ರುಚಿಯಿಲ್ಲದ ಪಾಲಿಎಥಿಲೀನ್ ಗ್ಲೈಕಾಲ್ 3350 ಪುಡಿ ಉತ್ತಮ: ಟೀ ಚಮಚದ ಎಂಟನೇ ಒಂದರಿಂದ ನಾಲ್ಕನೇ ಒಂದು ಭಾಗ, ದಿನಕ್ಕೆರಡು ಬಾರಿ ಹಸಿ ಆಹಾರದಲ್ಲಿ. ಇಸಬ್‌ಗೋಲು ಸೌಮ್ಯ ಮಲಬದ್ಧತೆಗೆ ಸರಿ, ಒಣಗಿದ ಬೆಕ್ಕಿಗೆ ಕೊಟ್ಟರೆ ಒಳಗೇ ಗಾರೆಯಂತೆ ಗಟ್ಟಿಯಾಗುತ್ತದೆ. ವಾಂತಿ ಮಾಡುತ್ತಿರುವ ಬೆಕ್ಕಿಗೆ ಇವ್ಯಾವುದನ್ನೂ ಮನೆಯಲ್ಲೇ ಶುರುಮಾಡಬೇಡಿ.

ಮನುಷ್ಯರ ಎನಿಮಾ ಬಾಟಲಿಯನ್ನು ಮುಟ್ಟಲೇಬೇಡಿ. ಅದರಲ್ಲಿರುವ ಸೋಡಿಯಂ ಫಾಸ್ಫೇಟ್ ಬೆಕ್ಕಿನ ರಕ್ತಕ್ಕೆ ಸೇರಿ ಕ್ಯಾಲ್ಸಿಯಂ ಕುಸಿಯುವಂತೆ ಮಾಡುತ್ತದೆ. ನಡುಕ, ಸೆಳವು, ಸಾವು ಕೆಲವೇ ಗಂಟೆಗಳಲ್ಲಿ ಬರಬಹುದು. ಬಾಯಿಗೆ ಹಾಕಿದ ಲಿಕ್ವಿಡ್ ಪ್ಯಾರಾಫಿನ್ ಬೆಕ್ಕಿಗೆ ಕೆಮ್ಮನ್ನೂ ತರದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಮಾಡುತ್ತದೆ. ಹರಳೆಣ್ಣೆ ಹೊಟ್ಟೆ ಹಿಂಡುತ್ತದೆ, ಬೇಡ. ನೋವಿಗೆಂದು ಪ್ಯಾರಾಸಿಟಮಾಲ್ ಕೊಟ್ಟರೆ, 500 ಮಿ.ಗ್ರಾಂ.ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಇನ್ನು ಊಟ. ಬೆಕ್ಕು ಉಪವಾಸ ತಡೆಯುವ ಪ್ರಾಣಿಯಲ್ಲ. ಎರಡು ಮೂರು ದಿನ ಉಣ್ಣದಿದ್ದರೆ ದೇಹದ ಕೊಬ್ಬು ಕರಗಿ ಲಿವರಿಗೆ ಹರಿಯುತ್ತದೆ. ಅದನ್ನು ಕಟ್ಟಿ ಹೊರಗೆ ಸಾಗಿಸಲು ಬೇಕಾದ ಪ್ರೋಟೀನ್ ಇಲ್ಲದೆ ಲಿವರ್ ಕೋಶಗಳೇ ಕೊಬ್ಬಿನಿಂದ ಊದಿಕೊಳ್ಳುತ್ತವೆ. ದಪ್ಪ ಬೆಕ್ಕುಗಳಿಗೆ ಈ ಅಪಾಯ ಹೆಚ್ಚು, ‘ಕೊಬ್ಬಿದೆ, ಎರಡು ದಿನ ತಡೆಯುತ್ತೆ’ ಎನ್ನುವುದು ಪೂರ್ತಿ ತಲೆಕೆಳಗಾದ ಮಾತು. ಕಿವಿಯ ಒಳಭಾಗ, ಒಸಡು, ಕಣ್ಣಿನ ಬಿಳಿ ಹಳದಿಯಾಗಿದ್ದರೆ ಕಾಮಾಲೆ ಆಗಲೇ ಬಂದಿದೆ. ಪೂರ್ತಿ ಒಂದು ದಿನ ಏನೂ ಮುಟ್ಟದ ಬೆಕ್ಕನ್ನು ವೈದ್ಯರಿಗೆ ತೋರಿಸಿ. ಮರಿಯಾದರೆ ಅಷ್ಟೂ ಕಾಯಬೇಡಿ.

ಬೆಕ್ಕು ಉಣ್ಣುವುದು ಮೂಗಿನಿಂದ. ಫ್ರಿಜ್ಜಿನಿಂದ ತೆಗೆದ ಆಹಾರಕ್ಕೆ ವಾಸನೆಯೇ ಇರುವುದಿಲ್ಲ. ಅದನ್ನು ಮೈಬಿಸಿಯಷ್ಟು, ಸುಮಾರು 38 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗೆ ಮಾಡಿ, ಒಂದೆರಡು ಚಮಚದಷ್ಟನ್ನೇ ಚಪ್ಪಟೆ ತಟ್ಟೆಯಲ್ಲಿಡಿ. ಮೂಗು ಕಟ್ಟಿದ್ದರೆ ಸಲೈನಿನಲ್ಲಿ ಅದ್ದಿದ ಹತ್ತಿಯಿಂದ ಮೊದಲು ಒರೆಸಿ. 15 ನಿಮಿಷದಲ್ಲಿ ತಿನ್ನದಿದ್ದರೆ ತಟ್ಟೆ ಎತ್ತಿಬಿಡಿ, ಎದುರಿಗೇ ಇದ್ದ ಊಟದ ಮೇಲೆ ಬೇಸರ ಬೆಳೆಯುತ್ತದೆ. ತುಟಿ ನೆಕ್ಕುವುದು, ಜೊಲ್ಲು ಸುರಿಸುವುದು, ಮೂಸಿ ಮುಖ ತಿರುಗಿಸುವುದು ವಾಕರಿಕೆಯ ಗುರುತು. ಅಂಥ ಬೆಕ್ಕಿಗೆ ಮೊದಲು ಬೇಕಾದದ್ದು ವಾಂತಿ ತಡೆಯುವ ಮ್ಯಾರೊಪಿಟೆಂಟ್, ಆಮೇಲೆ ಹಸಿವು ತರುವ ಮಿರ್ಟಜಪೀನ್, ಎರಡೂ ವೈದ್ಯರ ಲೆಕ್ಕದಲ್ಲೇ. ವೈದ್ಯರು ಸಿರಿಂಜಿನಲ್ಲಿ ಉಣಿಸಲು ಹೇಳಿದರೆ, ತಲೆಯನ್ನು ಮೇಲಕ್ಕೆತ್ತದೆ ಕೆನ್ನೆಯ ಪಕ್ಕದಿಂದ ಒಮ್ಮೆಗೆ 1 ಮಿ.ಲೀ. ಹಾಕಿ, ನುಂಗಿದ ಮೇಲೆ ಮುಂದಿನದು. 4 ಕೆ.ಜಿ. ಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೊಕ್ಯಾಲೊರಿ ಬೇಕು. ಹಲವು ದಿನ ಹಸಿದಿದ್ದರೆ ಮೊದಲ ದಿನ ಅದರ ಮೂರನೇ ಒಂದು ಭಾಗ ಸಾಕು, ಒಮ್ಮೆಲೇ ತುಂಬಿದರೆ ರಕ್ತದ ಲವಣಗಳು ಕುಸಿಯುತ್ತವೆ. ಒದ್ದಾಡುವ ಬೆಕ್ಕಿನೊಡನೆ ಗುದ್ದಾಡುವುದಕ್ಕಿಂತ ವೈದ್ಯರು ಕತ್ತಿನ ಬದಿಯಿಂದ ಅನ್ನನಾಳಕ್ಕೆ ಹಾಕುವ ಕೊಳವೆ ಎಷ್ಟೋ ಕರುಣೆಯದು.

ಇಷ್ಟಾದರೂ ಮೂಲ ಕಾರಣ ಹುಡುಕಲೇಬೇಕು. ಮುದಿ ಬೆಕ್ಕಿನಲ್ಲಿ ಅದು ಹೆಚ್ಚಾಗಿ ಕಿಡ್ನಿ, ಕೆಲವೊಮ್ಮೆ ಕುಕ್ಕರಿಸಿ ಕೂರಲು ಬಿಡದ ಕೀಲುನೋವು. ವಾಹನಕ್ಕೆ ಸಿಕ್ಕಿಯೋ ಮಹಡಿಯಿಂದ ಬಿದ್ದೋ ಸೊಂಟದ ಮೂಳೆ ಮುರಿದು ಓರೆಯಾಗಿ ಕೂಡಿದ್ದರೆ ಮಲದ ದಾರಿಯೇ ಕಿರಿದಾಗಿರುತ್ತದೆ. ವಾಂತಿಯೂ ಇದ್ದರೆ ನಾಲಿಗೆಯ ಬುಡ ನೋಡಿ: ಹೂ ಕಟ್ಟುವ ದಾರ ಅಲ್ಲಿ ಸುತ್ತಿಕೊಂಡು ಉಳಿದರ್ಧ ಕರುಳಿನಲ್ಲಿರಬಹುದು. ಎಳೆಯಬೇಡಿ, ಬಿಗಿದ ದಾರ ಕರುಳನ್ನು ಕೊಯ್ಯುತ್ತದೆ. ಪದೇ ಪದೇ ಕಟ್ಟಿಕೊಂಡರೆ ಎಕ್ಸ್‌ರೇ ತೆಗೆದು ಕರುಳಿನ ಅಗಲವನ್ನು ಬೆನ್ನುಮೂಳೆಯ ಸೊಂಟಭಾಗದ ಐದನೇ ಕಶೇರುವಿನ (ಮೂಳೆಮಣಿಯ) ಉದ್ದಕ್ಕೆ ಹೋಲಿಸುತ್ತಾರೆ. ಅದು 1.48 ಪಟ್ಟು ದಾಟಿದ್ದರೆ ಕರುಳು ಹಿಗ್ಗಿ ಹಿಂಡುವ ಶಕ್ತಿ ಕಳೆದುಕೊಂಡಿರುವ ಸಂಭವ ಹೆಚ್ಚು.

ವೈದ್ಯರಲ್ಲಿಗೆ ಹೋಗುವಾಗ ಕೊನೆಯ ಮಲದ ದಿನ, ಈ ಮೂರು ದಿನ ತಿಂದ ಗ್ರಾಂ, ಕೊಟ್ಟ ಔಷಧಿಯ ಮಿ.ಲೀ., ಬೆಕ್ಕಿನ ತೂಕ ಒಂದು ಚೀಟಿಯಲ್ಲಿ ಬರೆದೊಯ್ಯಿರಿ. ತೂಕಕ್ಕೆ ಸ್ನಾನದ ಮನೆಯ ತಕ್ಕಡಿ ಸಾಕು: ಬೆಕ್ಕನ್ನು ಎತ್ತಿಕೊಂಡು ಒಮ್ಮೆ, ಬರಿಗೈಲಿ ಒಮ್ಮೆ ನಿಂತು ಕಳೆಯಿರಿ.