ಸರ್ವರ್ ಹಳೇದು, ಡ್ರೈವರ್ ಹೊಸದು: ಪೋಸ್ಟ್‌ಗ್ರೆಸ್‌ನಲ್ಲಿ ಹೊಂದುತ್ತಾ?

ಪ್ರಶ್ನೆ: ನಮ್ಮ ಆಫೀಸಿನ ಜಾವಾ ಅಪ್ಲಿಕೇಶನ್ ಪೋಸ್ಟ್‌ಗ್ರೆಸ್ 13 ಡೇಟಾಬೇಸ್ ಸರ್ವರ್‌ನ ಮೇಲೆ ಓಡುತ್ತಿದೆ. ಜಾವಾ ಕೋಡ್ ಡೇಟಾಬೇಸ್ ಜೊತೆ ಮಾತಾಡಲು ಬಳಸುವ ಜೆಡಿಬಿಸಿ ಡ್ರೈವರ್ 42.2 ಸರಣಿಯದು. ಅದನ್ನು ಹಾಕಿದವರು ಕೆಲಸ ಬಿಟ್ಟು ಹೋಗಿ ಎಷ್ಟೋ ಕಾಲ ಆಯ್ತು. ಡ್ರೈವರ್‌ಗೆ ಹೊಸ ರಿಲೀಸ್ ಬರುತ್ತಲೇ ಇರುತ್ತವೆ. ಸರ್ವರ್ ಮುಟ್ಟದೆ ಡ್ರೈವರ್ ಒಂದನ್ನೇ ಬದಲಿಸಬಹುದಾ? 13ಕ್ಕೆ ಹೊಂದುವ ಡ್ರೈವರ್ ಯಾವುದು?

ಉತ್ತರ: ಬದಲಿಸಬಹುದು, ಬದಲಿಸಲೂಬೇಕು. 13ಕ್ಕೆ ಅಂತಲೇ ಬೇರೆ ಡ್ರೈವರ್ ಇಲ್ಲ. 42.7 ಸರಣಿಯಲ್ಲಿ ಸದ್ಯಕ್ಕೆ ಇರುವ ಕೊನೆಯ ರಿಲೀಸ್ ತೆಗೆದುಕೊಳ್ಳಿ. ಜಾವಾ 8 ಅಥವಾ ಅದಕ್ಕಿಂತ ಹೊಸದು ಇದ್ದರೆ ಸಾಕು.

ಸರ್ವರ್ ನಂಬರಿಗೆ ಡ್ರೈವರ್ ನಂಬರ್ ಹೊಂದಿಸಬೇಕು ಅನ್ನುವ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಒಂದು ಕಾಲದಲ್ಲಿ ಜೆಡಿಬಿಸಿ ಡ್ರೈವರ್‌ನ ನಂಬರ್ ಸರ್ವರ್ ನಂಬರಿನ ಹಾಗೆಯೇ ಇತ್ತು. 9.4.1212 ಅಂತ ನೋಡಿದವರು ಇದು 9.4 ಸರ್ವರ್‌ಗೆ ಮಾತ್ರ ಅಂದುಕೊಂಡು, 9.6ಕ್ಕೆ ಬೇರೆ ಹುಡುಕುತ್ತಿದ್ದರು. ಈ ಗೊಂದಲ ತಪ್ಪಿಸಲೆಂದೇ 2017ರ ಫೆಬ್ರವರಿಯಲ್ಲಿ ಡ್ರೈವರ್ ಬರೆಯುವವರು ಒಂದೇ ಏಟಿಗೆ 42.0.0ಕ್ಕೆ ಜಿಗಿದರು. ಸರ್ವರ್ 42 ಬರುವುದಕ್ಕೆ ಇನ್ನೂ ಬೇಕಾದಷ್ಟು ವರ್ಷ ಇದೆ, ಅಲ್ವಾ?

ಹಳೇ ಸರ್ವರ್, ಹೊಸ ಡ್ರೈವರ್ ಜೊತೆಯಾಗಿ ನಡೆಯಲು ಕಾರಣ ಅವೆರಡರ ನಡುವಿನ ಪ್ರೋಟೋಕಾಲ್, ಅಂದರೆ ಮಾತಾಡಲು ಒಪ್ಪಿಕೊಂಡ ನಿಯಮ. ಅದರ 3.0 ಆವೃತ್ತಿ ಬಂದಿದ್ದು 2003ರಲ್ಲಿ, ಪೋಸ್ಟ್‌ಗ್ರೆಸ್ 7.4ರ ಜೊತೆ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಪೋಸ್ಟ್‌ಗ್ರೆಸ್ 18 ಮೊದಲ ಬಾರಿಗೆ 3.2 ಅನ್ನುವುದನ್ನು ತಂದಿತು. ಆದರೂ ಪೋಸ್ಟ್‌ಗ್ರೆಸ್‌ನದೇ ಸಿ ಲೈಬ್ರರಿಯಾದ ಲಿಬ್‌ಪಿಕ್ಯೂ, ನಾವು ಬೇರೆ ಹೇಳದಿದ್ದರೆ ಈಗಲೂ 3.0ರಲ್ಲೇ ಮಾತಾಡುತ್ತದೆ.

ಹಾಗಾದರೆ ಕೈಕೊಡುವುದು ಎಲ್ಲಿ? ಹೆಚ್ಚಾಗಿ ಲಾಗಿನ್‌ನಲ್ಲಿ. ಅದೂ ಹಳೇ ಡ್ರೈವರ್ ಹೊಸ ಸರ್ವರ್‌ಗೆ ಹೋದಾಗ. ಪೋಸ್ಟ್‌ಗ್ರೆಸ್ 10ರಲ್ಲಿ ಸ್ಕ್ರಾಮ್ ಅನ್ನುವ ಪಾಸ್‌ವರ್ಡ್ ವಿಧಾನ ಬಂತು. 2021ರ ಪೋಸ್ಟ್‌ಗ್ರೆಸ್ 14ರಿಂದ ಅದೇ ಡೀಫಾಲ್ಟ್. ಜೆಡಿಬಿಸಿ ಡ್ರೈವರ್‌ಗೆ ಸ್ಕ್ರಾಮ್ ಬಂದಿದ್ದು 2018ರ 42.2.0ರಲ್ಲಿ. ಅದಕ್ಕಿಂತ ಹಳೇದಿದ್ದರೆ 'ಅಥೆಂಟಿಕೇಶನ್ ಟೈಪ್ 10ಕ್ಕೆ ಬೆಂಬಲ ಇಲ್ಲ' ಅನ್ನುವ ಎರರ್ ಕಾಣುತ್ತದೆ. ಆ 10 ನೋಡಿ ಪೋಸ್ಟ್‌ಗ್ರೆಸ್ 10ಕ್ಕೂ ಇದಕ್ಕೂ ಏನೋ ಸಂಬಂಧ ಇದೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅದು ಪ್ರೋಟೋಕಾಲ್‌ನೊಳಗಿನ ಒಂದು ಕೋಡ್, ಅಷ್ಟೇ.

ಇದರಲ್ಲಿ ಒಂದು ಕಿಲಾಡಿತನ ಇದೆ. ಸರ್ವರ್ ಅಪ್‌ಗ್ರೇಡ್ ಮಾಡಿದ ದಿನ ಹೆಚ್ಚಾಗಿ ಏನೂ ಆಗುವುದಿಲ್ಲ. ಹಳೇ ಯೂಸರ್‌ಗಳ ಪಾಸ್‌ವರ್ಡ್ ಎಂಡಿ5 ಅನ್ನುವ ಹಿಂದಿನ ರೂಪದಲ್ಲೇ ಉಳಿದಿರುತ್ತದೆ, ಲಾಗಿನ್ ನಡೆಯುತ್ತದೆ, ಎಲ್ಲರೂ ಖುಷಿಯಾಗಿ ಮನೆಗೆ ಹೋಗುತ್ತಾರೆ. ತಿಂಗಳುಗಳ ನಂತರ ಆಡಿಟ್‌ನವರು ಹೇಳಿದರು ಅಂತ ಯಾರೋ ಪಾಸ್‌ವರ್ಡ್ ಬದಲಿಸುತ್ತಾರೆ. ಹೊಸ ಪಾಸ್‌ವರ್ಡ್ ಸ್ಕ್ರಾಮ್ ರೂಪದಲ್ಲಿ ಕೂರುತ್ತದೆ. ಹಳೇ ಡ್ರೈವರ್ ಇರುವ ಅಪ್ಲಿಕೇಶನ್ ಅಲ್ಲೇ ಬೀಳುತ್ತದೆ. ಆಗ ಎಲ್ಲರೂ ಪಾಸ್‌ವರ್ಡ್ ಟೈಪ್ ಮಾಡಿದವರನ್ನು ಬೈಯುತ್ತಾರೆ. ಪೋಸ್ಟ್‌ಗ್ರೆಸ್ 18 ಅಂತೂ ಎಂಡಿ5 ಪಾಸ್‌ವರ್ಡ್ ಇಡಲು ಹೋದರೆ ಎಚ್ಚರಿಕೆ ಕೊಡುತ್ತದೆ. ಮುಂದೊಂದು ದಿನ ಅದನ್ನು ತೆಗೆದೇಬಿಡುತ್ತಾರೆ.

ನಿಮ್ಮದು 42.2, ಹಾಗಾಗಿ ಲಾಗಿನ್ ತೊಂದರೆ ಇಲ್ಲ. ಮತ್ತೆ ಬದಲಿಸಲೇಬೇಕು ಅಂದಿದ್ದೇಕೆ? ಸೆಕ್ಯುರಿಟಿಗೆ. 2024ರ ಫೆಬ್ರವರಿಯಲ್ಲಿ ಈ ಡ್ರೈವರ್‌ನಲ್ಲೇ ಒಂದು ಎಸ್‌ಕ್ಯೂಎಲ್ ಇಂಜೆಕ್ಷನ್ ತೂತು ಸಿಕ್ಕಿತು, ಅಂದರೆ ಹೊರಗಿನವರು ಕೊಟ್ಟ ಡೇಟಾ ಡೇಟಾಬೇಸ್ ಆಜ್ಞೆಯಾಗಿ ಓಡಿಬಿಡುವ ದೋಷ. ಅಪಾಯದ ಅಂಕ ಹತ್ತಕ್ಕೆ ಹತ್ತು. ನಾವೆಲ್ಲ ಕ್ವೆರಿಯಲ್ಲಿ ಬೆಲೆಯ ಜಾಗಕ್ಕೆ ಪ್ರಶ್ನೆ ಚಿಹ್ನೆ ಇಟ್ಟು, ಬೆಲೆಯನ್ನು ಬೇರೆಯಾಗಿ ಕೊಟ್ಟರೆ ಇಂಜೆಕ್ಷನ್ ಆಗುವುದಿಲ್ಲ ಅಂತ ಕಲಿತವರು. ಇಲ್ಲಿ ಆಗುತ್ತಿತ್ತು. ಕ್ವೆರಿಯಲ್ಲಿ -? ಅಂತ, ಅಂದರೆ ಪ್ರಶ್ನೆ ಚಿಹ್ನೆಗೆ ಅಂಟಿಕೊಂಡು ಮೈನಸ್ ಇದೆ ಅಂದುಕೊಳ್ಳಿ. ಅದೇ ಸಾಲಿನಲ್ಲಿ ಮುಂದೆ ಹೆಸರಿಗೋ ಊರಿಗೋ ಇನ್ನೊಂದು ಪ್ರಶ್ನೆ ಚಿಹ್ನೆ. ಮೊದಲನೆಯದಕ್ಕೆ ಯಾರಾದರೂ -5 ಕೊಟ್ಟರೆ ಎರಡು ಮೈನಸ್ ಸೇರಿ --5 ಆಯಿತು. ಎಸ್‌ಕ್ಯೂಎಲ್‌ನಲ್ಲಿ -- ಅಂದರೆ ಅಲ್ಲಿಂದ ಸಾಲು ಮುಗಿಯುವ ತನಕ ಕಾಮೆಂಟ್. ಹೆಸರಿನ ಸುತ್ತ ಇದ್ದ ಕೋಟ್ ಗುರುತೂ ಕಾಮೆಂಟ್‌ನೊಳಗೆ ಹೋಯಿತು. ಈಗ ಹೆಸರಿನ ಮಧ್ಯೆ ಒಂದು ಎಂಟರ್ ತುರುಕಿದರೆ, ಮುಂದಿನ ಸಾಲಿನಲ್ಲಿ ಬರುವುದೆಲ್ಲ ಅಸಲಿ ಎಸ್‌ಕ್ಯೂಎಲ್ ಆಗಿ ಓಡುತ್ತದೆ. ಹೊಸ ಡ್ರೈವರ್ ಬೆಲೆಗಳನ್ನು ಬ್ರಾಕೆಟ್‌ನೊಳಗೆ ಸುತ್ತಿ ಕಳಿಸುತ್ತದೆ, ಹಾಗಾಗಿ ಎರಡು ಮೈನಸ್ ಅಕ್ಕಪಕ್ಕ ಕೂರುವುದೇ ಇಲ್ಲ.

ಇದು ಆಗುತ್ತಿದ್ದುದು ಡ್ರೈವರ್‌ನ 'ಸಿಂಪಲ್' ಕ್ವೆರಿ ಮೋಡ್‌ನಲ್ಲಿ, ಅಂದರೆ ಡ್ರೈವರ್ ತಾನೇ ಬೆಲೆಗಳನ್ನು ಕ್ವೆರಿಯೊಳಗೆ ಸೇರಿಸಿ ಕಳಿಸುವಾಗ ಮಾತ್ರ. ಅದು ಡೀಫಾಲ್ಟ್ ಅಲ್ಲ. ಆದರೆ ನಿಮ್ಮ ಕನೆಕ್ಷನ್ ಯುಆರ್‌ಎಲ್ ಒಮ್ಮೆ ತೆರೆದು ನೋಡಿ. ಅಪ್ಲಿಕೇಶನ್‌ಗೂ ಸರ್ವರ್‌ಗೂ ಮಧ್ಯೆ ಕನೆಕ್ಷನ್ ಹಂಚುವ ಪಿಜಿಬೌನ್ಸರ್ ಇಟ್ಟುಕೊಂಡವರಿಗೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಸರ್ವರ್‌ನಲ್ಲಿ ಮೊದಲೇ ಸಿದ್ಧಮಾಡಿಟ್ಟ ಕ್ವೆರಿ) ಎರರ್ ಬರುತ್ತಿತ್ತು, ತಪ್ಪಿಸಲು ಕೆಲವರು ಈ ಮೋಡ್ ಹಾಕಿಬಿಡುತ್ತಿದ್ದರು. ಪಿಜಿಬೌನ್ಸರ್ 1.21, 2023ರ ಅಕ್ಟೋಬರ್‌ನದು, ಆ ಸ್ಟೇಟ್‌ಮೆಂಟ್‌ಗಳನ್ನು ತಾನೇ ನಿಭಾಯಿಸಲು ಕಲಿತಿದೆ. ಆ ಹಳೇ ಉಪಾಯ ಈಗ ಬೇಕಿಲ್ಲ. ಡ್ರೈವರ್‌ನ ತೂತು ಮುಚ್ಚಿದ್ದು 42.7.2ರಲ್ಲಿ. ನಿಮ್ಮ ಸರಣಿಯಲ್ಲಿ 42.2.28ಕ್ಕಿಂತ ಹಿಂದಿನದೆಲ್ಲ ಅಪಾಯದ್ದೇ. ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ಸರ್ವರ್‌ಗೆ ಎಷ್ಟೇ ಪ್ಯಾಚ್ ಹಾಕಿದರೂ ನಿಮ್ಮ ಅಪ್ಲಿಕೇಶನ್‌ನೊಳಗಿನ ಜಾರ್ ಫೈಲ್, ಅಂದರೆ ಡ್ರೈವರ್ ಇರುವ ಫೈಲ್, ಬದಲಾಗುವುದಿಲ್ಲ. ಇದು ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಸ್ಪ್ರಿಂಗ್ ಬೂಟ್ ಅನ್ನುವ ಜಾವಾ ಫ್ರೇಮ್‌ವರ್ಕ್ ಬಳಸುತ್ತಿದ್ದರೆ ಡ್ರೈವರ್ ಆವೃತ್ತಿಯನ್ನು ಅದೇ ಆರಿಸಿರುತ್ತದೆ. ಅಂಥ ಕಡೆ ಪ್ರಾಜೆಕ್ಟ್ ಫೈಲ್ ಹುಡುಕಿದರೆ ನಂಬರ್ ಸಿಗದೆಯೂ ಇರಬಹುದು. ಬಿಲ್ಡ್ ಆದ ಮೇಲೆ ಒಳಗೆ ಯಾವ ಜಾರ್ ಕೂತಿದೆ ಅಂತ ನೋಡುವುದೇ ಖಾತ್ರಿ.

ಡ್ರೈವರ್ ಬಗ್ಗೆ ಹೇಳಿದ್ದನ್ನು ಟೂಲ್‌ಗಳಿಗೂ ಹಾಗೇ ಅನ್ವಯಿಸಬೇಡಿ. ಬ್ಯಾಕಪ್ ತೆಗೆಯುವ ಪಿಜಿ ಡಂಪ್ ತನಗಿಂತ ಹೊಸ ಸರ್ವರ್ ಕಂಡರೆ ಆವೃತ್ತಿ ಹೊಂದಿಲ್ಲ ಅಂತ ಹೇಳಿ ಕೆಲಸ ನಿಲ್ಲಿಸುತ್ತದೆ. ಹಳೇ ಸರ್ವರ್ ಆದರೆ ಪರವಾಗಿಲ್ಲ: 17ರ ಪಿಜಿ ಡಂಪ್ 9.2ರ ತನಕ ಹಿಂದಕ್ಕೆ ಹೋಗುತ್ತದೆ. ಕ್ವೆರಿ ಟೈಪ್ ಮಾಡಿ ಓಡಿಸುವ ಟೂಲ್ ಪಿಎಸ್‌ಕ್ಯೂಎಲ್ ಇಷ್ಟು ಕಟ್ಟುನಿಟ್ಟಲ್ಲ. ಒಂದು ಎಚ್ಚರಿಕೆ ತೋರಿಸಿ ಒಳಗೆ ಬಿಡುತ್ತದೆ. ಆದರೆ ಸರ್ವರ್ ತನ್ನ ಒಳಗಿನ ಕೆಟಲಾಗ್ (ಟೇಬಲ್‌ಗಳ ವಿವರ ಇಡುವ ಟೇಬಲ್‌ಗಳು) ಬದಲಿಸಿಕೊಂಡಿದ್ದರೆ ಟೇಬಲ್ ವಿವರ ಕೇಳಿದಾಗ ಆ ಕಾಲಮ್ ಇಲ್ಲ ಅನ್ನುತ್ತದೆ. ಸರ್ವರ್ 12 ಆದಾಗ ಹಳೇ ಪಿಎಸ್‌ಕ್ಯೂಎಲ್ ಇಟ್ಟುಕೊಂಡವರಿಗೆ ಹೀಗೇ ಆಗಿತ್ತು. ರಾತ್ರಿ ನಿಗದಿತ ಹೊತ್ತಿಗೆ ತಾನಾಗಿ ಬ್ಯಾಕಪ್ ಓಡುವ ಮೆಷಿನ್ ಬೇರೆ ಇದ್ದರೆ, ಸರ್ವರ್‌ಗಿಂತ ಮೊದಲು ಅಲ್ಲಿನ ಟೂಲ್ ಹೊಸದಾಗಲಿ. ಬ್ಯಾಕಪ್ ನಿಂತಿದ್ದು ಯಾರಿಗೂ ಗೊತ್ತಾಗುವುದಿಲ್ಲ, ಬೇಕಾದ ದಿನ ಗೊತ್ತಾಗುತ್ತದೆ.

ಹೊಸ ಡ್ರೈವರ್ ಯಾವಾಗಲೂ ಸಲೀಸು ಅಂತಲೂ ಅಲ್ಲ. ಡಾಟ್‌ನೆಟ್‌ನವರು ಬಳಸುವ ಪೋಸ್ಟ್‌ಗ್ರೆಸ್ ಡ್ರೈವರ್ ಎನ್‌ಪಿಜಿಎಸ್‌ಕ್ಯೂಎಲ್ 6.0, 2021ರಲ್ಲಿ ಬಂದಾಗ, ಟೈಮ್‌ಝೋನ್ ಇರುವ ಕಾಲಮ್‌ಗೆ ಯುಟಿಸಿ ಅಲ್ಲದ ಡೇಟ್‌ಟೈಮ್ ಬರೆಯಲು ಬಿಡಲಿಲ್ಲ. ಭಾರತದ ಸಮಯವನ್ನು ಹಾಗೇ ತಳ್ಳುತ್ತಿದ್ದ ಕೋಡ್ ಎಲ್ಲ ಎರರ್ ಕೊಟ್ಟಿತು. ಮೊದಲ ನಂಬರ್ ಬದಲಾಗಿದ್ದರೆ ರಿಲೀಸ್ ನೋಟ್ಸ್ ಓದಿಯೇ ಮುಂದುವರಿಯಿರಿ. ವಿಂಡೋಸ್‌ನಲ್ಲಿ ಪೋಸ್ಟ್‌ಗ್ರೆಸ್‌ನ ಒಡಿಬಿಸಿ ಡ್ರೈವರ್ ಹಾಕುವವರಿಗೆ ಇನ್ನೊಂದು ಮಾತು: ಒಂದೇ ಇನ್‌ಸ್ಟಾಲರ್ ಆನ್ಸಿ, ಯೂನಿಕೋಡ್ ಅಂತ ಎರಡು ಡ್ರೈವರ್ ಕೂರಿಸುತ್ತದೆ. ಡೇಟಾದಲ್ಲಿ ಕನ್ನಡ ಇದ್ದರೆ ಯೂನಿಕೋಡ್ ಆರಿಸಿ.

ನಿಮ್ಮ 13ರ ಬೆಂಬಲ 2025ರ ನವೆಂಬರ್‌ಗೆ ಮುಗಿದಿದೆ, ಅದಕ್ಕೆ ಇನ್ನು ಪ್ಯಾಚ್ ಇಲ್ಲ. ಹೇಗೂ ಸರ್ವರ್ ಬದಲಿಸಬೇಕು. ಈಗ ಡ್ರೈವರ್ ಬದಲಿಸಿ, ಅದೇ 13ರ ಮೇಲೆ ಕೆಲವು ವಾರ ಓಡಿಸಿ, ಆಮೇಲೆ ಸರ್ವರ್‌ಗೆ ಕೈ ಹಾಕಿ. ಎರಡನ್ನೂ ಒಂದೇ ರಾತ್ರಿ ಬದಲಿಸಿದರೆ ಬೆಳಿಗ್ಗೆ ಬಂದ ಎರರ್ ಯಾರದು ಅಂತ ಹುಡುಕುವುದೇ ಕೆಲಸವಾಗುತ್ತದೆ. ಈ ಮಧ್ಯೆ 13ರಲ್ಲೇ ಒಬ್ಬ ಟೆಸ್ಟ್ ಯೂಸರ್ ಮಾಡಿ, ಪಾಸ್‌ವರ್ಡ್ ಸ್ಕ್ರಾಮ್‌ನಲ್ಲಿಟ್ಟು, ಆ ಡೇಟಾಬೇಸ್ ಮುಟ್ಟುವ ಪ್ರತಿ ಅಪ್ಲಿಕೇಶನ್‌ನಿಂದಲೂ ಲಾಗಿನ್ ಮಾಡಿ ನೋಡಿ. ಎಲ್ಲೋ ಮೂಲೆಯ ರಿಪೋರ್ಟ್ ಸರ್ವರ್‌ನಲ್ಲಿ 9.4ರ ಜಾರ್ ಇನ್ನೂ ಕೂತಿದ್ದರೆ ಅದು ಆಗಲೇ ಸಿಕ್ಕಿಬೀಳುತ್ತದೆ.